ಡಾಕ್ಟರಿಗೆ ಹೇಳಿದ್ದು ನಾನೇ

ನನ್ನ ಎಡಗಡೆಯ ಎದೆಯನ್ನು ಪೂರ್ತಿ ತೆಗೆದುಬಿಡಿ ಎಂದು ಡಾಕ್ಟರಿಗೆ ಹೇಳಿದವಳು ನಾನು. ನನ್ನ ಗಂಡ ಅಲ್ಲ. ಅದು ಅವರ ತೀರ್ಮಾನ ಎಂದು ನನ್ನ ತವರಿನವರು, ನಮ್ಮೂರಿನವರು, ನನ್ನ ಶಾಲೆಯ ಟೀಚರುಗಳು ಎಲ್ಲರೂ ಒಂಬತ್ತು ವರ್ಷ ನಂಬಿದ್ದರು. ಹಾಗೆ ನಂಬಿಸಿದವಳೂ ನಾನೇ. ಅದಕ್ಕಾಗಿ ನಾನು ಬಹಳ ಕಷ್ಟಪಡಬೇಕಾಗಲಿಲ್ಲ — ಒಂದು ಮಾತು ಸಾಕಾಯಿತು. ಮಿಕ್ಕಿದ್ದನ್ನು ಬೇರೆಯವರ ಬಾಯಿಗಳು ಮಾಡಿದವು.

ಅವರು ತೀರಿಕೊಂಡು ಒಂದು ವರ್ಷವಾಯಿತು. ಹೇಳಬೇಕಾದ ಹೊತ್ತಿನಲ್ಲಿ ಹೇಳದೆ, ಕೇಳಿಸಿಕೊಳ್ಳಬೇಕಾದವರು ಹೋದ ಮೇಲೆ ಬರೆಯಲು ಕೂತಿದ್ದೇನೆ. ಇದಕ್ಕೆ ಧೈರ್ಯ ಎನ್ನಬೇಡಿ.

ನಮ್ಮದು ಪಾಂಡವಪುರ ತಾಲ್ಲೂಕಿನ ಅಂಚಿನ ಒಂದು ಹಳ್ಳಿ. ನನ್ನ ಗಂಡ ಕೆಂಪರಾಜು ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಮನೆಮನೆಯ ಹಾಲನ್ನು ಅಳೆದು, ಪರೀಕ್ಷೆ ಮಾಡಿ, ಬರೆದುಕೊಳ್ಳುವ ಕೆಲಸ. ಯಾರ ಹಾಲಿಗಾದರೂ ನೀರು ಬಿದ್ದಿದ್ದರೆ ಸಾಲಿನಲ್ಲಿ ನಿಂತವರ ಎದುರು ಹೇಳುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ, "ನಾಳೆಯಿಂದ ವಸಿ ನೋಡ್ಕಳವ್ವ" ಎನ್ನುತ್ತಿದ್ದರು, ಅಷ್ಟೆ. ನಾನು ಶ್ರೀರಂಗಪಟ್ಟಣದ ಕಡೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನನ್ನ ತವರು ನಾಗಮಂಗಲದ ಹತ್ತಿರ. ಅಲ್ಲಿ ಅಣ್ಣ ಇದ್ದಾನೆ, ಆಗ ಅವ್ವನೂ ಇದ್ದಳು. ಅಕ್ಕನನ್ನು ಕೆ.ಆರ್. ಪೇಟೆಗೆ ಕೊಟ್ಟಿತ್ತು. ನಮಗಿಬ್ಬರಿಗೆ ಮಕ್ಕಳಾಗಲಿಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಆಡಿದ ಸುಳ್ಳಿಗೂ ಇದಕ್ಕೂ ಎಲ್ಲೋ ಸಂಬಂಧ ಇದೆ — ಎಷ್ಟು ಎಂದು ನನಗೇ ಸರಿಯಾಗಿ ಗೊತ್ತಿಲ್ಲ.

ಸ್ನಾನ ಮಾಡುವಾಗ ಕೈಗೆ ಗಂಟು ಸಿಕ್ಕಿತು. ಮೊದಲು ಪಾಂಡವಪುರದಲ್ಲಿ ತೋರಿಸಿದೆವು, ಅವರು ಮೈಸೂರಿಗೆ ಬರೆದುಕೊಟ್ಟರು. ಸೂಜಿ ಹಾಕಿ ತೆಗೆದ ಚೂರಿನ ವರದಿ ಬಂದ ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ನನಗಿಂತ ಚಿಕ್ಕವರು, ಹೆಣ್ಣುಮಗಳು. ನನ್ನ ಗಂಡನ ಕಡೆ ಒಂದೆರಡು ಸಲ ನೋಡಿದವರು ಆಮೇಲೆ ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿಕೊಂಡು ಮಾತಾಡಿದರು.

"ಗಂಟು ಚಿಕ್ಕದಿದೆ. ಗಂಟು, ಅದರ ಸುತ್ತ ಸ್ವಲ್ಪ ಭಾಗ ಮಾತ್ರ ತೆಗೆಯಬಹುದು. ಹಾಗೆ ಮಾಡಿದರೆ ಆಮೇಲೆ ಐದಾರು ವಾರ ದಿನಾ ಬಂದು ರೇಡಿಯೇಷನ್ ತಗೋಬೇಕು. ಇಲ್ಲ, ಪೂರ್ತಿ ತೆಗೆಯಬಹುದು. ಆಗ ನಿಮಗೆ ರೇಡಿಯೇಷನ್ ಬೇಕಾಗದೇ ಇರಬಹುದು. ಕೀಮೋ ಎರಡಕ್ಕೂ ಇದೆ. ಆಯಸ್ಸಿನ ಲೆಕ್ಕದಲ್ಲಿ ಎರಡೂ ಒಂದೇ. ಯಾವುದು ಅಂತ ನೀವು ಹೇಳಬೇಕು. ಒಂದು ವಾರ ಟೈಮ್ ತಗೊಳ್ಳಿ."

ನಲವತ್ತೈದು ವರ್ಷದಲ್ಲಿ ನನ್ನನ್ನು ಯಾರೂ ಅಷ್ಟು ನೇರವಾಗಿ ಏನನ್ನೂ ಕೇಳಿರಲಿಲ್ಲ. ಮದುವೆಯನ್ನಾಗಲಿ, ಓದನ್ನಾಗಲಿ. ಖುಷಿಯಾಗಬೇಕಿತ್ತೇನೋ. ಭಯವಾಯಿತು.

ವಾಪಸು ಬರುವಾಗ ಟ್ರೈನಿನಲ್ಲಿ ಅವರು ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಎದುರು ತಾವು ಕೂತರು. ಟ್ರೈನು ಶ್ರೀರಂಗಪಟ್ಟಣ ದಾಟಿತು. ಆಮೇಲೆ, ತಾವೇ ಏನೋ ತಪ್ಪು ಮಾಡಿದವರ ಹಾಗೆ ದನಿ ತಗ್ಗಿಸಿ, "ಆರು ವಾರ ತಾನೆ ವಿಮ್ಲಾ. ನಾನು ದಿನಾ ಕರ್ಕೊಂಡೋಗ್ತೀನಿ. ಡೈರಿ ಬೆಳಗಿನ್ದು ಮುಗುಸ್ಕೊಂಡು ಟ್ರೈನ್ ಹತ್ತುದ್ರೆ ಸಂಜೆ ಹಾಲಿಗೆ ವಾಪಸ್ ಬಂದ್ಬುಡ್ಬೋದು. ಸಂಜೆ ತಡ ಆದ್ರೆ ಯಾರಾದ್ರೂ ನೋಡ್ಕತಾರೆ" ಎಂದರು.

"ನಿಮಗೇನು ಅನ್ಸುತ್ತೆ?" ಎಂದೆ.

"ನಂಗನ್ಸೋದು ಯಾಕೆ. ನಿನ್ನ ಮೈ ಅಲ್ವಾ. ನೀನೇ ಹೇಳು. ಆದ್ರೆ ಅಲೆದಾಟಕ್ಕೆ ಎದ್ರುಕೊಂಡು ಏನೂ ಹೇಳ್ಬ್ಯಾಡ."

ಇದನ್ನು ನಾನು ಅಕ್ಷರ ಬಿಡದೆ ಬರೆಯುತ್ತಿದ್ದೇನೆ. ಒಂಬತ್ತು ವರ್ಷ ಈ ಮಾತು ನನ್ನೊಳಗೆ ಇತ್ತು, ಅದಕ್ಕೆ ವಿರುದ್ಧವಾದ ಮಾತು ಊರಿನಲ್ಲಿ ಓಡಾಡುತ್ತಿತ್ತು.

ಆ ವಾರ ನಾನು ಶಾಲೆಗೆ ಹೋದೆ, ಪಾಠ ಮಾಡಿದೆ, ಅಡುಗೆ ಮಾಡಿದೆ. ಎಲ್ಲ ಹೊತ್ತೂ ಒಂದೇ ಯೋಚನೆ — ಅದು ನನ್ನೊಳಗೆ ಇದೆ. ಗಂಟು ತೆಗೆದ ಮೇಲೂ ಒಂದು ಎಳೆ ಉಳಿದಿದ್ದರೆ? ಡಾಕ್ಟರು ಎರಡೂ ಒಂದೇ ಎಂದಿದ್ದರು, ನನ್ನ ಭಯಕ್ಕೆ ಎರಡೂ ಒಂದಾಗಿರಲಿಲ್ಲ. ಇನ್ನೂ ಒಂದು ಯೋಚನೆ ಇತ್ತು, ಅದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ: ಯಾವ ಮಗುವೂ ಬಾಯಿಡದ ಎದೆ, ಇದ್ದರೆಷ್ಟು ಹೋದರೆಷ್ಟು... ಹೀಗೆ ಅಂದುಕೊಂಡೆ.

ಮುಂದಿನ ವಾರ ಹೋಗಿ, ಪೂರ್ತಿ ತೆಗೆದುಬಿಡಿ ಎಂದೆ. ಡಾಕ್ಟರು ಎರಡು ಸಲ ಕೇಳಿದರು. ಎರಡು ಸಲವೂ ಹಾಗೇ ಹೇಳಿದೆ. ಕಾಗದದಲ್ಲಿ ಮೊದಲು ನಾನು ಸಹಿ ಹಾಕಿದೆ, ಅದರ ಕೆಳಗೆ ಸಾಕ್ಷಿಯಾಗಿ ಅವರು. ಅವರ ಸಹಿ ಯಾವಾಗಲೂ ದುಂಡಗೆ ಇರುತ್ತಿತ್ತು; ಅವತ್ತು ಗೆರೆ ಬಿಟ್ಟು ಕೆಳಕ್ಕೆ ಇಳಿದಿತ್ತು.

ಅದು ತಪ್ಪು ತೀರ್ಮಾನ ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಅದಕ್ಕಾಗಿ ನನಗೆ ಪಶ್ಚಾತ್ತಾಪವೂ ಇಲ್ಲ. ತಪ್ಪು ನಡೆದದ್ದು ಅದಾದ ಮೇಲೆ.

ಆಪರೇಷನ್ ಆದ ಮೂರನೆಯ ದಿನ ಅಕ್ಕ ಬಂದಳು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದಾಕೆಯೂ ಕೆ.ಆರ್. ಪೇಟೆಯ ಕಡೆಯವಳೇ, ಹೇಮಗಿರಿಯ ಹತ್ತಿರ ಯಾವುದೋ ಊರು. ಅಕ್ಕ ಅವಳ ಜೊತೆ ಊರು, ಮನೆ, ನೆಂಟರ ಮಾತಿಗೆ ಕೂತಳು. ಆಕೆ, ತನಗೆ ಗಂಟು ಮಾತ್ರ ತೆಗೆದರು, ಇನ್ನು ಕರೆಂಟು ಕೊಡ್ತಾರಂತೆ ಎಂದಳು. ನಮ್ಮ ಕಡೆ ರೇಡಿಯೇಷನ್ನಿಗೆ ಕರೆಂಟು ಎನ್ನುತ್ತಾರೆ. ಅಕ್ಕ ನನ್ನ ಕಡೆ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು.

"ಗಂಟು ಮಾತ್ರ ತೆಗೀಬೋದಂತಲ್ಲೇ? ಮತ್ತೆ ನಿಂಗ್ಯಾಕೆ ಪೂರ್ತಾ ತೆಗ್ಸುದ್ರು?"

ನನ್ನ ಗಂಡ ಆಗ ಔಷಧಿ ತರಲು ಕೆಳಗೆ ಹೋಗಿದ್ದರು.

ನಾನೇ ಹೇಳಿ ತೆಗೆಸಿದೆ ಎನ್ನಲು ಬಾಯಿ ತೆರೆದೆ. ನಿಜವಾಗಿ ತೆರೆದೆ. ಅಷ್ಟರಲ್ಲಿ ಅಕ್ಕನ ಕಣ್ಣಲ್ಲಿ ಏನು ಕಂಡಿತೋ — ಮಕ್ಕಳಿಲ್ಲದವಳು, ಅದಕ್ಕೇ ಬೇಡವಾಯಿತು ಎಂದು ಅವಳು ಅಂದುಕೊಳ್ಳುತ್ತಾಳೆ ಎನಿಸಿತು. ಅಥವಾ ತಾನಾಗಿ ಎದೆ ಕತ್ತರಿಸಿಕೊಂಡ ಹೆಂಗಸು ಎಂಥವಳೋ ಎಂದು ಜನ ನೋಡುವ ನೋಟವನ್ನು ಆಗಲೇ ನೋಡಿಬಿಟ್ಟೆನೋ. ಅವಳು ಅಂಥದ್ದೇನನ್ನೂ ಅಂದಿರಲಿಲ್ಲ. ಎಲ್ಲ ನಾನೇ ಅಂದುಕೊಂಡದ್ದು.

"ಇವರು ಆರು ವಾರ ಮೈಸೂರಿಗೆ ಅಲೆಯಕ್ಕಾಗಲ್ಲ ಅಂದ್ರು," ಎಂದೆ.

ಅಷ್ಟೇ ಆ ಮಾತು. ಅಕ್ಕ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಆಪರೇಷನ್ ಆದ ಮೇಲೆ ನಾನು ಅತ್ತದ್ದು ಅದೇ ಮೊದಲು. ಎಷ್ಟು ಹಿತವಾಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ.

ಮನೆಗೆ ಕಳಿಸುವಾಗ ಪಕ್ಕೆಗೆ ಒಂದು ನಳಿಕೆ, ಅದರ ತುದಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ಬಿಟ್ಟಿದ್ದರು. ಗಾಯದ ನೀರು ಅದರಲ್ಲಿ ಇಳಿಯುತ್ತಿತ್ತು. ದಿನಾ ಅಳೆದು ಬರೆದುಕೊಂಡು ಬರಲು ಹೇಳಿದ್ದರು. ಆ ಕೆಲಸ ಅವರದಾಯಿತು. ಡೈರಿಯಿಂದ ಬಂದು, ಕೈ ತೊಳೆದು, ಡಬ್ಬಿಯನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ ಬರೆಯುತ್ತಿದ್ದರು. "ಇವತ್ತು ಕಡಿಮೆ ಆಗೈತೆ ಕಣ್ ವಿಮ್ಲಾ" ಎನ್ನುತ್ತಿದ್ದರು. ಹಾಗೆ ಡಬ್ಬಿ ಹಿಡಿದು ಜಗಲಿಯ ಬೆಳಕಿನಲ್ಲಿ ನಿಂತಿದ್ದಾಗಲೇ ಒಂದು ಬೆಳಿಗ್ಗೆ ಅಣ್ಣ ಬಂದ. ಬೈಕು ನಿಲ್ಲಿಸಿದವನು ಒಳಗೂ ಬರಲಿಲ್ಲ.

"ಆರು ವಾರ ಅಲೆಯಕ್ಕಾಗ್ನಿಲ್ವೇನ್ಲಾ ನಿಂಗೆ? ಎಮ್ಮೆಗೆ ಸೂಜಿ ಹಾಕ್ಸಕೆ ಮೂರು ದಿನ ಅಲೀತೀಯ, ಎಂಡ್ತಿಗೆ ಅಂದ್ರೆ ಕಡುದ್ ಹಾಕ್ಸ್ಬುಟ್ಟಲ್ಲೋ! ನಮ್ಗೊಂದ್ ಮಾತು ಹೇಳಿದ್ರೆ ನಾವೇ ಕರ್ಕೊಂಡೋಗ್ತಿರ್ಲಿಲ್ವ? ಮನುಷ್ಯನಾ ನೀನು?"

ಬೀದಿಯಲ್ಲಿ ಜನ ನಿಂತರು. ಡೈರಿಗೆ ಹಾಲು ಹಾಕುವ ಜನವೇ. ಅವರು ಡಬ್ಬಿಯನ್ನು ಕೆಳಗಿಡದೆ ಒಂದು ಸಲ ನನ್ನ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ನನಗೂ ಆ ಡಬ್ಬಿಗೂ ನಡುವೆ ಮಾರುದ್ದದ ನಳಿಕೆ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಪ್ರಶ್ನೆ ಇತ್ತು. ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ. ಅದೇ ನನ್ನ ಉತ್ತರವಾಯಿತು.

ಅವರಿಗೆ ಅರ್ಥವಾಯಿತು. "ತಿಂಡಿ ತಿನ್ಕೊಂಡೋಗಿ ಬಾವ" ಎಂದರು ಅಣ್ಣನಿಗೆ. ಅಣ್ಣ ನೆಲಕ್ಕೆ ಉಗಿದು ಬೈಕು ಹತ್ತಿದ.

ಅವತ್ತಿನಿಂದ ನನ್ನ ಜನ ಬಂದರು. ಇದನ್ನು ನಾನು ಮುಚ್ಚಿಡಬಾರದು — ಆ ಸುಳ್ಳು ನನಗೆ ಜನವನ್ನು ತಂದುಕೊಟ್ಟಿತು. ಅಕ್ಕ ತನ್ನ ಮನೆ ಬಿಟ್ಟು ಬಂದು ನಾಲ್ಕು ತಿಂಗಳು ಇದ್ದಳು. ಕೀಮೋದ ದಿನಗಳಲ್ಲಿ ಅಣ್ಣ ಕಾರು ಮಾಡಿಕೊಂಡು ಬಂದು ಕರೆದೊಯ್ಯುತ್ತಿದ್ದ, ಅವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಅವರು ಬೇರೆಯಾಗಿ ಟ್ರೈನಿನಲ್ಲಿ ಬಂದು ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದರು. ಅವ್ವ ನಾಟಿಕೋಳಿ ಸಾರು ಕಳಿಸುತ್ತಿದ್ದಳು. ಕೂದಲು ಉದುರಿದಾಗ ಶಾಲೆಯ ಟೀಚರುಗಳು ಸರದಿ ಹಾಕಿಕೊಂಡು ಬಂದು ಕೂತು ಹೋದರು. ಬೀದಿಯ ಹೆಂಗಸರು ಪಾತ್ರೆ ತೊಳೆದರು. ಎಲ್ಲರೂ ನನ್ನನ್ನು ಮುಟ್ಟಿ ಮಾತಾಡಿಸುತ್ತಿದ್ದರು. ನನ್ನ ಗಂಡನ ಹತ್ತಿರ ಯಾರೂ, ನಿನಗೆ ಹೇಗಿದೆ ಎಂದು ಕೇಳಲಿಲ್ಲ. ಅವರೂ ಆ ತಿಂಗಳುಗಳಲ್ಲಿ ಹೆಂಡತಿ ಸಾಯಬಹುದು ಎಂಬ ಭಯ ಹೊತ್ತುಕೊಂಡು ಹಾಲು ಅಳೆಯುತ್ತಿದ್ದರು — ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಅಕ್ಕ ನನ್ನ ಕೋಣೆಯಲ್ಲಿ ಮಲಗುತ್ತಿದ್ದಳು, ಅವರು ನಡುಮನೆಗೆ ಹೋದರು. ಅಕ್ಕ ಹೊರಟು ಹೋದ ಮೇಲೂ ಅವರು ತಿರುಗಿ ಬರಲಿಲ್ಲ. ನಾನು ಕರೆಯಲಿಲ್ಲ. ನನ್ನ ಗಾಯದ ಎದೆಯನ್ನು ಅವರು ನೋಡಲಾರರು ಅಂದುಕೊಂಡಿದ್ದೆ. ನೋಡಲಾರದೆ ಇದ್ದದ್ದು ನಾನು, ಅವರ ಮುಖವನ್ನು. ಮನೆಯಲ್ಲಿ ಮಾತಿತ್ತು, ಅಕ್ಕಿ ಮುಗಿದಿದೆ, ಕರೆಂಟ್ ಹೋಗಿದೆ, ನಾಳೆ ರಜೆ. ಅಷ್ಟು ಮಾತಿನಲ್ಲೂ ಒಂದು ಮನೆ ನಡೆಯುತ್ತದೆ.

ಅಣ್ಣನ ಮಗಳ ಮದುವೆ ನಾಗಮಂಗಲದಲ್ಲಿ ಆದಾಗ ನನ್ನನ್ನು ಕೈಹಿಡಿದು ಮುಂದೆ ಕೂರಿಸಿದರು. ನನ್ನ ಗಂಡ ಕೊನೆಯ ಪಂಕ್ತಿಯಲ್ಲಿ ಉಂಡು, ಯಾರಿಗೂ ಹೇಳದೆ ಬಸ್ಸು ಹತ್ತಿದ್ದರು. ನಾನು ಎರಡು ದಿನ ಉಳಿದು ಬಂದೆ.

ಒಮ್ಮೆ ಕೇಳಿದೆ. ಆಪರೇಷನ್ ಆಗಿ ಮೂರು ನಾಲ್ಕು ವರ್ಷ ಕಳೆದಿತ್ತು. ಭಾನುವಾರ, ಅವರು ಹಿತ್ತಲಲ್ಲಿ ಡೈರಿಯ ಕ್ಯಾನು ತೊಳೆಯುತ್ತಿದ್ದರು. ನಾನು ಕಾಫಿ ಕೊಟ್ಟು ಅಲ್ಲೇ ನಿಂತೆ.

"ಅಣ್ಣ ಅವತ್ತು ಅಷ್ಟು ಅಂದಾಗ ನೀವ್ಯಾಕೆ ನಿಜ ಹೇಳಲಿಲ್ಲ?"

ಅವರು ಕ್ಯಾನು ಬೋರಲು ಹಾಕಿ, ಕಾಫಿ ಲೋಟ ತೆಗೆದುಕೊಂಡರು.

"ನಿನ್ನ ಕಡೇರೆಲ್ಲ ಬಂದ್ರಲ್ಲ ವಿಮ್ಲಾ. ಆವಾಗ ನಿಂಗೆ ಜನ ಬೇಕಾಗಿತ್ತು. ನಾನು ಅಂಗಲ್ಲ ಇಂಗೆ ಅಂದಿದ್ರೆ ಅವ್ರು ನಿನ್ನ ಮ್ಯಾಲೆ ತಿರುಗ್ಬುಡೋರು. ಮೈಗೆ ಉಸಾರಿಲ್ದೋಳು... ನಾನು ತಡ್ಕತೀನಿ ಬುಡು ಅಂತ ಸುಮ್ಕಾದೆ."

"ಈಗ ಹೇಳಲಾ?"

"ನಿನ್ನಿಷ್ಟ," ಎಂದರು. ಕಾಫಿ ಕುಡಿದರು. ನನ್ನ ಮುಖ ನೋಡುತ್ತಾ ಕಾದರು ಅನ್ನಿಸುತ್ತದೆ. ಎಷ್ಟು ಹೊತ್ತು ಕಾದರೋ... ನಾನು ಲೋಟ ತೆಗೆದುಕೊಂಡು ಒಳಗೆ ಬಂದೆ.

ಹೇಳಬೇಕು ಅಂದುಕೊಂಡೆ. ಆ ವರ್ಷ ಅವ್ವನಿಗೆ ಹುಷಾರಿರಲಿಲ್ಲ, ಅವಳು ಸುಧಾರಿಸಿಕೊಳ್ಳಲಿ ಎಂದೆ. ಅವಳು ಹೋದಳು. ವರ್ಷದ ಕಾರ್ಯ ಮುಗಿಯಲಿ ಎಂದೆ. ಅಷ್ಟರಲ್ಲಿ ಇನ್ನೇನೋ. ಸುಳ್ಳನ್ನು ಉಳಿಸಿಕೊಳ್ಳಲು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

ಕಳೆದ ವರ್ಷ ಒಂದು ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಪಾಂಡವಪುರದ ಆಸ್ಪತ್ರೆ ಮುಟ್ಟಲಿಲ್ಲ. ನಾಲೆಯ ಪಕ್ಕದ ನಮ್ಮ ಗದ್ದೆಯ ಅಂಚಿನಲ್ಲಿ ಮಣ್ಣು ಮಾಡಿದೆವು. ಅಣ್ಣ ಬಂದಿದ್ದ, ನನಗಾಗಿ. ನನ್ನ ಹೆಗಲು ಹಿಡಿದು ನಿಂತಿದ್ದ. ಎಲ್ಲರೂ ಹಿಡಿ ಮಣ್ಣು ಹಾಕಲು ಹೋದಾಗ ಅವನು ಹೋಗಲಿಲ್ಲ, ನಾಲೆ ಏರಿಯ ಮೇಲೆ ಬೈಕಿನ ಹತ್ತಿರ ಹೋಗಿ ನಿಂತ. ಊರೆಲ್ಲ ನೋಡಿತು. ನಾನೂ ನೋಡಿದೆ. ಆಗಲೂ — ಆ ಗುಂಡಿಯ ಮುಂದೆ ನಿಂತಾಗಲೂ — ನಾನು ಬಾಯಿ ಬಿಡಲಿಲ್ಲ.

ಬಾಯಿ ಬಿಡಿಸಿದವಳು ಪವಿತ್ರ. ನಮ್ಮ ಹಿಂದಿನ ಬೀದಿಯ ಹುಡುಗಿ, ಮೂವತ್ತೆರಡು ವರ್ಷ, ಇಬ್ಬರು ಮಕ್ಕಳು. ಅವಳಿಗೂ ಅದೇ ಕಾಯಿಲೆ, ಅದೇ ಎರಡು ದಾರಿ. ಎರಡು ತಿಂಗಳ ಹಿಂದೆ ಗಂಡ, ಅತ್ತೆಯ ಜೊತೆ ನನ್ನನ್ನು ಕೇಳಲು ಬಂದಳು. ನನ್ನ ಮನೆಯಲ್ಲಿ, ಗೋಡೆಯ ಮೇಲೆ ನನ್ನ ಗಂಡನ ಫೋಟೋ ಇರುವ ನಡುಮನೆಯಲ್ಲಿ ಕೂತು, ಅವಳ ಅತ್ತೆ ತನ್ನ ಮಗನಿಗೆ ಹೇಳಿದಳು:

"ಆ ಸೆಕ್ರೆಟ್ರಿ ಮಾಡ್ದಂಗೆ ಮಾತ್ರ ಮಾಡ್ಬ್ಯಾಡ ಕಣ್ಲಾ. ಅಲೆಯಕ್ಕಾಗಲ್ಲ ಅಂತ ಎಣ್ಣಿನ್ ಮೈ ಕುಯ್ಸ್ಬುಟ್ರೆ ದೇವ್ರು ಮೆಚ್ಚಲ್ಲ."

ನನ್ನನ್ನು ಸಮಾಧಾನಪಡಿಸುವಂತೆ ನನ್ನ ಕಡೆ ನೋಡಿ ಹೇಳಿದಳು. ಅವರ ಹೆಸರು ಊರಿನಲ್ಲಿ ಹೀಗೆ ಉಳಿದಿತ್ತು. ಮೂವತ್ತು ವರ್ಷ ಹಾಲು ಅಳೆದದ್ದಕ್ಕಲ್ಲ, ಇದಕ್ಕೆ.

"ನಮ್ಮೆಜಮಾನ್ರು ಹೇಳಿರಲಿಲ್ಲ," ಎಂದೆ. ದನಿ ನನ್ನದು ಎನಿಸಲಿಲ್ಲ. "ಅವರು ದಿನಾ ಕರ್ಕೊಂಡೋಗ್ತೀನಿ ಅಂದಿದ್ರು. ಪೂರ್ತಿ ತೆಗೀರಿ ಅಂತ ಡಾಕ್ಟರಿಗೆ ಹೇಳಿದ್ದು ನಾನೇ. ಆಮೇಲೆ ಅವರ ಮೇಲೆ ಹಾಕಿದೆ."

ಅತ್ತೆ ಫೋಟೋದ ಕಡೆ ನೋಡಿ, ಮುಖ ತಿರುಗಿಸಿದಳು. ಪವಿತ್ರ ಮಾತ್ರ ಮುಂದಕ್ಕೆ ಬಾಗಿ, "ನೀವೇ ಹೇಳಿದ್ರಾ ಟೀಚರ್? ಅಂಗೆ... ನಾವೇ ಹೇಳ್ಬೋದಾ?" ಎಂದಳು.

ಅವಳ ಪ್ರಶ್ನೆಗೆ, ಹೇಳಬಹುದು ಎಂದೆ. ಇನ್ನೇನು ಹೇಳಿದೆನೋ ನೆನಪಿಲ್ಲ. ನಾನು ನನ್ನ ಗಂಡನಿಂದ ಮಾತ್ರ ಒಳ್ಳೆಯ ಹೆಸರನ್ನು ಕಿತ್ತುಕೊಂಡಿದ್ದೇನೆ ಅಂದುಕೊಂಡಿದ್ದೆ. ಈ ಹುಡುಗಿಯಂಥವರಿಂದಲೂ ಏನನ್ನೋ ಮುಚ್ಚಿಟ್ಟಿದ್ದೆ.

ಮುಂದಿನ ಭಾನುವಾರ ಬಸ್ಸು ಹತ್ತಿ ನಾಗಮಂಗಲಕ್ಕೆ ಹೋದೆ. ಅಣ್ಣ ಕಣದಲ್ಲಿ ಹುರುಳಿ ಒಕ್ಕಣೆ ಮಾಡಿಸುತ್ತಿದ್ದ. ಕಣದ ಪಕ್ಕ ಮರದ ನೆರಳಿನಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ, ಟ್ರೈನಿನ ಮಾತು, ಕಾಗದದ ಸಹಿ, ಅಕ್ಕನಿಗೆ ಹೇಳಿದ ಸುಳ್ಳು. ನಾನು ಮುಗಿಸಿದ ಮೇಲೆ ಅವನು ಟವೆಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಒಂದಿಡಿ ಮಣ್ಣಾಕ್ಲಿಲ್ವಲ್ಲವ್ವ ನಾನು ಅವ್ನಿಗೆ," ಎಂದ.

ಬೈಯುತ್ತಾನೆ ಅಂದುಕೊಂಡಿದ್ದೆ. ಅವತ್ತು ಜಗಲಿಯ ಮುಂದೆ ಅವರಿಗೆ ಬೈದ ಮಾತುಗಳಲ್ಲಿ ಒಂದಾದರೂ ನನಗೆ ಬೀಳಲಿ ಎಂದು ಕಾದೆ. ಅವನು ಎದ್ದು ಕಣಕ್ಕೆ ಹೋದ. ಸಂಜೆ ನಾನು ಹೊರಟಾಗ ಬಸ್ ಸ್ಟಾಪಿನವರೆಗೆ ಬರಲಿಲ್ಲ. ಅತ್ತಿಗೆ ಬಾಗಿಲವರೆಗೆ ಬಂದು ಒಳಗೆ ಹೋದಳು.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಊರೆಲ್ಲ ಹೇಳ್ಕೊಂಡು ಬಂದೋಳು ನಾನು ಕಣೇ. ನನ್ನ ಬಾಯಲ್ಲಿ ಹೇಳ್ಸುದ್ಯಲ್ಲ," ಎಂದು ಫೋನು ಇಟ್ಟಳು. ಆಮೇಲೆ ನಾನು ಮಾಡಿದರೆ ಎತ್ತುವುದಿಲ್ಲ. ಮೊದಲು ಭಾನುವಾರ ಬಂತೆಂದರೆ ನಾಗಮಂಗಲದಿಂದೊಂದು, ಪೇಟೆಯಿಂದೊಂದು ಫೋನು ಬರುತ್ತಿತ್ತು. ಈಗ ಶಾಲೆಯ ಹಾಜರಾತಿಯ ಮೆಸೇಜು ಬಿಟ್ಟರೆ ಏನೂ ಬರುವುದಿಲ್ಲ. ಬೀದಿಯಲ್ಲೂ ಹೆಂಗಸರು ನಕ್ಕು ಮುಂದೆ ಹೋಗುತ್ತಾರೆ, ನಿಲ್ಲುವುದಿಲ್ಲ. ಇದರ ಬಗ್ಗೆ ನಾನು ದೂರುವ ಹಾಗಿಲ್ಲ. ಎಂಟು ವರ್ಷ ನನ್ನ ಗಂಡ ಹೀಗೇ ಬದುಕಿದರು, ನಾನಿದ್ದ ಮನೆಯಲ್ಲೇ.

ಹೋದ ವಾರ ಶಾಲೆಯಿಂದ ಬರುವಾಗ ಪಕ್ಕದ ಗದ್ದೆಯಾತ, "ನಿಮ್ಮಣ್ಣ ಬಂದಿದ್ರಲ್ಲ ಟೀಚರೇ, ಗದ್ದೆತವ ಬೋ ಹೊತ್ತು ನಿಂತಿದ್ರು" ಎಂದ. ಮನೆಗೆ ಬಂದಿರಲಿಲ್ಲ. ನಾನು ಗದ್ದೆಗೆ ಹೋಗಿ ನೋಡಲಿಲ್ಲ. ಅವನು ಅಲ್ಲಿ ಏನು ಮಾಡಿದ, ಏನು ಹೇಳಿದ ಎಂಬುದು ಅವರಿಬ್ಬರಿಗೆ ಸೇರಿದ್ದು.

ಪವಿತ್ರ ಗಂಟು ಮಾತ್ರ ತೆಗೆಸುವುದೆಂದು ಹೇಳಿದಳು, ತಾನೇ. ಆಪರೇಷನ್ ಆಯಿತು. ಇನ್ನು ಕೀಮೋ, ಅದು ಮುಗಿದ ಮೇಲೆ ಆರು ವಾರ ಕರೆಂಟು. ಅವಳ ಗಂಡ ಸಕ್ಕರೆ ಕಾರ್ಖಾನೆಯ ಪಾಳಿ ಬಿಟ್ಟು ದಿನಾ ಬರಲಾರ. ವಾರದಲ್ಲಿ ಎರಡು ದಿನ ನಾನು ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ. ರಜೆ ಅರ್ಜಿ ಬರೆದಿಟ್ಟಿದ್ದೇನೆ. ಇದರಿಂದ ನನ್ನದು ಏನೂ ತೀರುವುದಿಲ್ಲ, ಗೊತ್ತು. ಯಾರಾದರೂ ಕೇಳಿದರೆ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಹಿತ್ತಲಲ್ಲಿ ಕಾಫಿ ಲೋಟ ಹಿಡಿದು ಅವರು ಕಾದಾಗ ಹೇಳಬೇಕಾಗಿತ್ತು. ಹೇಳಲಿಲ್ಲ.